ಬಾಡಿಗೆ ಬರುವ ದಾರಿ: ಕೂಡ್ಲಿಗಿಯಿಂದ ಹಗರಿಬೊಮ್ಮನಹಳ್ಳಿವರೆಗೆ

ಕೂಡ್ಲಿಗಿಯಲ್ಲಿ ಒಂದು ಮನೆ ಮಾಡಿ ಬಾಡಿಗೆಗೆ ಬಿಟ್ಟು ತಿಂಗಳಿಗಿಷ್ಟು ಎಣಿಸೋಣ ಎಂದುಕೊಂಡವರು ಮೊದಲು ಸೈಟು ನೋಡಲು ಹೋಗಬಾರದು. ಬೆಳಿಗ್ಗೆ ಎಂಟಕ್ಕೆ ಬಸ್ ನಿಲ್ದಾಣಕ್ಕೆ ಹೋಗಿ, ಒಂದು ಚಾ ಹಿಡಿದು, ಒಂಬತ್ತೂವರೆವರೆಗೆ ನಿಲ್ಲಬೇಕು.

ಹೊಸಪೇಟೆ ಕಡೆಯ ಬಸ್ಸು ಬಂದು ನಿಲ್ಲುತ್ತದೆ, ಅರ್ಧ ಬಸ್ಸು ಇಲ್ಲೇ ಖಾಲಿ. ಇಳಿದವರ ಹೆಗಲಲ್ಲಿ ಊಟದ ಚೀಲ, ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ. ತಾಲ್ಲೂಕು ಕಚೇರಿ, ಆಸ್ಪತ್ರೆ, ಬ್ಯಾಂಕು, ಕೋರ್ಟು ಎಂದು ಚದುರುತ್ತಾರೆ. ಸಂಜೆ ಐದೂವರೆಗೆ ಮತ್ತೆ ಇದೇ ನಿಲ್ದಾಣದಲ್ಲಿ ಕೂಡುತ್ತಾರೆ. ಇವರು ಸಂಬಳ ತೆಗೆದುಕೊಳ್ಳುವುದು ಕೂಡ್ಲಿಗಿಯಲ್ಲಿ, ಬಾಡಿಗೆ ಕೊಡುವುದು ಹೊಸಪೇಟೆಯಲ್ಲಿ. ಇನ್ನೊಂದು ಗುಂಪು ಊರೊಳಗಿನ ಓಣಿಗಳಿಂದ ನಡೆದು ಬಂದು ಹಳ್ಳಿ ಬಸ್ಸು ಹತ್ತುತ್ತದೆ: ಶಾಲೆಯ ಮೇಷ್ಟ್ರು, ಟೀಚರಮ್ಮಂದಿರು, ಆರೋಗ್ಯ ಕೇಂದ್ರದ ನರ್ಸು, ಪಂಚಾಯಿತಿ ಸಿಬ್ಬಂದಿ. ಹೊಸ ಮನೆಯೊಡೆಯನಿಗೆ ಬೇಕಾದವರು ಈ ಎರಡನೆಯ ಗುಂಪಿನವರು. ತಾಲ್ಲೂಕು ಕೇಂದ್ರ ಎಷ್ಟು ದೊಡ್ಡದು, ಎಷ್ಟು ಕಚೇರಿ ಇವೆ ಎಂಬುದರ ಮೇಲೆ ಬಾಡಿಗೆ ನಿಂತಿಲ್ಲ. ರಾತ್ರಿ ಅಲ್ಲಿಯೇ ಮಲಗಬೇಕಾದವರು ಎಷ್ಟು ಜನ ಎಂಬುದರ ಮೇಲೆ ನಿಂತಿದೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸಾರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಈ ಲೆಕ್ಕ ಇನ್ನಷ್ಟು ಬಿಗಿಯಾಯಿತು ಎಂದು ನನಗನಿಸುತ್ತದೆ. ತಿಂಗಳ ಬಸ್ ಖರ್ಚು ಸೊನ್ನೆಯಾದಾಗ ಮಕ್ಕಳ ಶಾಲೆ ಚೆನ್ನಾಗಿರುವ ದೊಡ್ಡ ಊರಲ್ಲೇ ಮನೆ ಇಟ್ಟುಕೊಂಡು ಓಡಾಡುವುದು ಯಾವ ಉದ್ಯೋಗಸ್ಥ ಹೆಂಗಸಿಗೂ ಸಲೀಸು. ಯೋಜನೆ ಅವರಿಗೆ ಒಳ್ಳೆಯದೇ ಮಾಡಿದೆ. ಬಾಡಿಗೆ ಮನೆ ಕಟ್ಟುವವನು ಮಾತ್ರ ಅದನ್ನು ತನ್ನ ಲೆಕ್ಕದಲ್ಲಿ ಹಿಡಿಯಬೇಕು.

ಇನ್ನೊಂದು ಕಡಿವಾಣ ಸರ್ಕಾರದ ಸಂಬಳದ ಚೀಟಿಯಲ್ಲೇ ಇದೆ. ರಾಜ್ಯದ ಏಳನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್‌ನಿಂದ ಇಂಥ ಸಣ್ಣ ಊರುಗಳ ನೌಕರರಿಗೆ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 7.5. ಮೂಲ ವೇತನ 40 ಸಾವಿರ ಇದ್ದರೆ ಭತ್ಯೆ 3,000. 60 ಸಾವಿರ ಇದ್ದರೆ 4,500. ಕೈಯಿಂದ ಒಂದೆರಡು ಸಾವಿರ ಸೇರಿಸಿ ಕೊಡುವವರಿದ್ದಾರೆ, ಅದರ ಮೇಲೆ ಹೋಗುವವರು ಕಡಿಮೆ. ನೆಲಕ್ಕೆ ಗ್ರಾನೈಟು ಹಾಸಿ, ಪಿಒಪಿ ಸೀಲಿಂಗು ಮಾಡಿಸಿ, ಅಡುಗೆ ಮನೆಗೆ ಮಾಡ್ಯುಲರ್ ಕಪಾಟು ಕೂಡಿಸಿದರೂ ಬಾಡಿಗೆ ಈ ಗೂಟದ ಸುತ್ತಲೇ ತಿರುಗುತ್ತದೆ. ಬೆಂಗಳೂರಲ್ಲಿ ದುಡಿದು ಬಂದವರು ಕಟ್ಟಿಸಿದ ಮನೆಗಳನ್ನು ನೋಡಿದರೆ ಇದು ಬೇಗ ತಿಳಿಯುತ್ತದೆ. ಮುಂಬಾಗಿಲಿಗೆ ತೇಗ, ಗೋಡೆಗೆ ಟೆಕ್ಸ್ಚರ್ ಬಣ್ಣ, ಗೇಟಿಗೆ ಬೀಗ. ಅಕ್ಕಪಕ್ಕದ ಎರಡು ಬೆಡ್‌ರೂಮಿನ ಸಾದಾ ಮನೆಗೆ ಬರುವಷ್ಟು ಬಾಡಿಗೆಗೆ ಬಿಡಲು ಮನಸ್ಸಿಲ್ಲದೆ ಖಾಲಿ ಇಟ್ಟಿರುತ್ತಾರೆ.

ರಾಷ್ಟ್ರೀಯ ಹೆದ್ದಾರಿ 50ರ ಮಗ್ಗುಲಿಗೆ ಹೋದರೆ ಚಿತ್ರ ಬೇರೆ. ಪಂಕ್ಚರ್ ಅಂಗಡಿ, ಗ್ಯಾರೇಜು, ಊಟದ ಹೋಟೆಲು. ಇಲ್ಲಿ ಮಳಿಗೆ ಕಟ್ಟುವ ಆಸೆ ಯಾರಿಗಾದರೂ ಬರುತ್ತದೆ. ಆದರೆ ನಾಲ್ಕು ಪಥದ ಹೆದ್ದಾರಿಯಲ್ಲಿ ಲಾರಿ ಎಲ್ಲಿ ಒಳಕ್ಕೆ ಇಳಿಯಬಹುದು, ಎಲ್ಲಿ ಇಳಿಯಲಾಗದು ಎಂಬುದರ ಮೇಲೆ ಅಂಗಡಿಯ ಹಣೆಬರಹ ಬರೆದಿರುತ್ತದೆ. ಕೆಳರಸ್ತೆಗೆ ದಾರಿ ಇಲ್ಲದ ಜಾಗದಲ್ಲಿ ಹೆದ್ದಾರಿಗೆ ಮುಖ ಮಾಡಿದ ಮಳಿಗೆ ಇದ್ದೂ ಇಲ್ಲದಂತೆ. ಹೆದ್ದಾರಿಯ ಅಂಚಿನಿಂದ ಎಷ್ಟು ಜಾಗ ಬಿಟ್ಟು ಕಟ್ಟಬೇಕು ಎಂಬ ಕಟ್ಟಳೆ ಬೇರೆ ಇದೆ. ಅದನ್ನು ಸೈಟು ಮಾರುವವನು ತಾನಾಗಿ ಹೇಳುವುದಿಲ್ಲ.

ನೀರಿನ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ, ನಾನು ಸುತ್ತಿದ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಐದೂ ಊರಿಗೆ ಅನ್ವಯಿಸುವ ಮಾತು. ಕೂಡ್ಲಿಗಿ ಬರದ ಸೀಮೆ. ಕೊಳವೆ ಬಾವಿಯ ನೀರಲ್ಲಿ ಫ್ಲೋರೈಡ್ ಇರುವ ಹಳ್ಳಿಗಳು ಈ ತಾಲ್ಲೂಕಿನಲ್ಲಿವೆ. ತುಂಗಭದ್ರೆಯ ನೀರು ತಂದು ಇಲ್ಲಿನ 74 ಕೆರೆ ತುಂಬಿಸುವ ಯೋಜನೆ ಹುಟ್ಟಿದ್ದೇ ಆ ಕಾರಣಕ್ಕೆ. ಮನೆ ನೋಡಲು ಬಂದ ಹೆಣ್ಣುಮಗಳು ನಡುಮನೆ, ಬೆಡ್‌ರೂಮು ನೋಡುವ ಮೊದಲು ಕೇಳುವುದು ಒಂದೇ: "ನಳದಾಗ ಎಷ್ಟು ದಿನಕ್ಕೊಮ್ಮೆ ನೀರು ಬಿಡ್ತಾರ್ರಿ?" ವಾರಕ್ಕೊಮ್ಮೆ ಎಂದರೆ ಅವಳ ಕಣ್ಣು ಸಂಪಿನ ಮುಚ್ಚಳದ ಕಡೆ ಹೋಗುತ್ತದೆ. ಗ್ರಾನೈಟಿನ ದುಡ್ಡನ್ನು ಎರಡು ಸಾವಿರ ಲೀಟರ್ ಹೆಚ್ಚಿನ ಸಂಪಿಗೆ ಹಾಕಿದವನ ಮನೆ ಖಾಲಿ ಬೀಳುವುದು ಕಡಿಮೆ.

ಕೊಟ್ಟೂರಿಗೆ ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಬಸ್ಸು ಇಳಿದವರು ಮಂಡಕ್ಕಿ-ಮಿರ್ಚಿ ತಿನ್ನದೆ ಮುಂದೆ ಹೋಗುವುದು ಕಷ್ಟ, ನಾನೂ ಹೋಗಲಿಲ್ಲ. ಆ ಅಂಗಡಿಯ ಬೆಂಚಿನ ಮೇಲೆ ಕೂತರೆ ಪೇಟೆಯ ವ್ಯಾಪಾರ ಕಣ್ಣೆದುರೇ ಇರುತ್ತದೆ. ಕೊಟ್ಟೂರು ತಾಲ್ಲೂಕಾದದ್ದು ಇತ್ತೀಚೆಗೆ, 2017ರ ಬಜೆಟ್ಟಿನಲ್ಲಿ ಘೋಷಿಸಿದ 49 ಹೊಸ ತಾಲ್ಲೂಕುಗಳಲ್ಲಿ ಒಂದು. ಪೇಟೆಯಾಗಿ ಅದು ಹಳೆಯದು. ಬ್ರಿಟಿಷರ ಕಾಲದಲ್ಲೇ ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಹಾಕಿದ್ದರು. ಹರಿಹರದವರೆಗೆ ಹಳಿ ಬೆಳೆದು ಪ್ಯಾಸೆಂಜರ್ ರೈಲು ಓಡಲು ಶುರುವಾದದ್ದು 2019ರಲ್ಲಿ. ಗುರು ಕೊಟ್ಟೂರೇಶ್ವರನ ಭಕ್ತರು ವರ್ಷವಿಡೀ ಬರುತ್ತಾರೆ. ಹಾಗಾಗಿ ಈ ಐದರಲ್ಲಿ ಮಳಿಗೆಯ ಬಾಡಿಗೆಯನ್ನು ಮನೆಯ ಬಾಡಿಗೆಗಿಂತ ಮೊದಲು ಯೋಚಿಸಬೇಕಾದ ಊರು ಇದು.

ಮಳಿಗೆ ನೋಡುವುದು ಹೇಗೆ? ಒಂದು ಶಟರಿನ ಮುಂದೆ ನಿಂತೆ. ಮೇಲೆ ಮೊಬೈಲ್ ರಿಪೇರಿಯ ಹೊಳೆಯುವ ಫ್ಲೆಕ್ಸು. ಗಾಳಿಗೆ ಒಂದು ಮೂಲೆ ಕಿತ್ತು ಮಡಚಿಕೊಂಡ ಕಡೆ ಅದರ ಹಿಂದಿನ ತಗಡಿನ ಬೋರ್ಡು ಕಾಣುತ್ತಿತ್ತು: ಬೀಜ-ಗೊಬ್ಬರದ ಅಂಗಡಿ. ಶಟರಿನ ಪಟ್ಟಿಗಳ ಮೇಲೆ ಅದಕ್ಕೂ ಹಿಂದಿನ ಟೈಲರ್ ಅಂಗಡಿಯ ಹೆಸರು ಪೇಂಟಿನಲ್ಲಿ ಅರ್ಧಂಬರ್ಧ ಉಳಿದಿತ್ತು. ಒಂದೇ ಶಟರಿಗೆ ಮೂರು ದಂಧೆ. ಪಕ್ಕದ ಕಿರಾಣಿ ಅಂಗಡಿಯವರನ್ನು ವಿಚಾರಿಸಿದೆ. "ಜನ ಈ ಕಡಿ ಬರಂಗಿಲ್ರಿ, ಆ ಮೂಲಿಗೆ ಬಂದು ಹಂಗ ತಿರುಗಿಬಿಡ್ತಾರ" ಎಂದು ಕೈ ತೋರಿಸಿದರು. ಆ ಮೂಲೆ ಇಪ್ಪತ್ತು ಹೆಜ್ಜೆ ದೂರ. ಮೂಲೆಯ ಆಚೆಗಿನ ಮಳಿಗೆಗಳಲ್ಲಿ ಬೋರ್ಡು ಬಣ್ಣಗೆಟ್ಟಿದ್ದರೂ ಹೆಸರು ಒಂದೇ. ಮೂಲೆಯ ಎರಡೂ ಕಡೆಯ ಮಳಿಗೆಗೆ ಮಾರುವವನು ಹೇಳುವುದು ಒಂದೇ ಮಾತು, "ಪೇಟಿ ನಡುವ ಐತಿ". ಹೊಸಬರು ಕಾಗದ ನೋಡುವ ಮೊದಲು ಬೋರ್ಡುಗಳ ವಯಸ್ಸು ನೋಡಬೇಕು.

ಇನ್ನೊಂದು ಎಚ್ಚರ. ಪಟ್ಟಣ ಪಂಚಾಯಿತಿ, ಪುರಸಭೆಗಳು ಕಟ್ಟಿ ಹರಾಜಿನಲ್ಲಿ ಕೊಟ್ಟ ಮಳಿಗೆಗಳು ಎಲ್ಲಾ ಊರಲ್ಲೂ ಇವೆ, ಬಹುಮಟ್ಟಿಗೆ ಒಳ್ಳೆಯ ಜಾಗದಲ್ಲೇ ಇವೆ. ಹರಾಜು ಹಿಡಿದವನು "ಇಷ್ಟು ಲಕ್ಷ ಕೊಡ್ರಿ, ಮಳಿಗಿ ನಿಮಗ ಬಿಡ್ತೀನಿ, ನೀವು ಯಾರಿಗಾರ ಬಾಡಿಗಿ ಕೊಡ್ಕೊಳ್ರಿ" ಎಂದು ಬರುತ್ತಾನೆ. ಅದು ಅವನ ಆಸ್ತಿಯಲ್ಲ, ಅವನೂ ಬಾಡಿಗೆದಾರನೇ. ಒಳಬಾಡಿಗೆ ಕೊಡುವ ಹಕ್ಕು ಅವನಿಗಿಲ್ಲ. ಕೊಟ್ಟ ಲಕ್ಷಕ್ಕೆ ರಸೀದಿ ಇರುವುದಿಲ್ಲ, ಮರುಹರಾಜು ಬಂದ ದಿನ ಹೇಳಿಕೊಳ್ಳಲು ಜಾಗವೂ ಇರುವುದಿಲ್ಲ.

ಜಾತ್ರೆಯ ಆಸೆಯನ್ನೂ ಇಲ್ಲೇ ಬಿಡಬೇಕು. ಫೆಬ್ರುವರಿ ಹೊತ್ತಿಗೆ ಬರುವ ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದೆಲ್ಲ ಜನ ಪಾದಯಾತ್ರೆಯಲ್ಲಿ ಬರುತ್ತಾರೆ, ಊರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದನ್ನು ಕಂಡು ಲಾಡ್ಜಿನ ಹಾಗೆ ಹತ್ತು ರೂಮು ಎತ್ತುವ ಯೋಚನೆ ಬರುತ್ತದೆ. ತೇರು ವರ್ಷಕ್ಕೊಂದು. ಬಂದ ಭಕ್ತರಲ್ಲಿ ಬಹಳಷ್ಟು ಮಂದಿ ಮಠದಲ್ಲಿ, ಬಯಲಲ್ಲಿ, ಇಲ್ಲವೇ ಬೀಗರ ಮನೆಯಲ್ಲಿ ಮಲಗುತ್ತಾರೆ. ಉಳಿದ ಹನ್ನೊಂದೂವರೆ ತಿಂಗಳ ಬಾಡಿಗೆ ಯಾರಿಂದ ಎಂದು ಕೇಳಿಕೊಂಡರೆ ಯೋಚನೆ ತಾನಾಗಿ ಇಳಿಯುತ್ತದೆ.

ಹಳೆ ಕೊಟ್ಟೂರಿನ ಓಣಿಗಳಲ್ಲಿ ಮಾಳಿಗೆ ಮನೆಗಳು ಇನ್ನೂ ಉಳಿದಿವೆ. ದಪ್ಪ ಗೋಡೆ, ಮರದ ತೊಲೆ, ಮೇಲೆ ಮಣ್ಣು. ಬೇಸಿಗೆಯಲ್ಲಿ ಫ್ಯಾನು ಬೇಕಿಲ್ಲ. ಇವು ಅಗ್ಗಕ್ಕೆ ಸಿಗುತ್ತವೆ ಎಂದು ಕೊಳ್ಳಲು ಹೋದವರು ಮಳೆಗಾಲದ ಮುಂಚೆ ಮಾಳಿಗೆಗೆ ಸೌಳು ಮಣ್ಣು ಹಾಕುವ ಕೂಲಿ, ಗೆದ್ದಲು ಹಿಡಿದ ತೊಲೆ, ಅಣ್ಣತಮ್ಮಂದಿರ ಪಾಲಿನ ತಕರಾರು ಮೂರನ್ನೂ ಬೆಲೆಗೆ ಸೇರಿಸಿ ನೋಡಬೇಕು. ಪಾಲುಪತ್ರ ನೋಂದಣಿಯಾಗದ ಹಳೆ ಮನೆಯನ್ನು ಒಬ್ಬ ಅಣ್ಣನ ಸಹಿಯ ಮೇಲೆ ಕೊಂಡರೆ ಮುಂದೆ ಕೋರ್ಟಿನಲ್ಲಿ ಉಳಿದವರ ಮುಖ ನೋಡಬೇಕಾಗುತ್ತದೆ. ಹೆಣ್ಣುಮಕ್ಕಳ ಸಹಿಯೂ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲು.

ಕಾಗದದ ಮಾತು ಬಂತು. ಅದನ್ನು ಪೂರಾ ಆಡಬೇಕಾದ ಊರು ಹರಪನಹಳ್ಳಿ. ಉಪವಿಭಾಗಾಧಿಕಾರಿಗಳ ಕಚೇರಿ ಇರುವ, ಈ ಐದರಲ್ಲಿ ದೊಡ್ಡದೆನಿಸುವ ಪೇಟೆ. ಸುತ್ತ ಮೆಕ್ಕೆಜೋಳದ ಸೀಮೆ. ಇದರ ಜಿಲ್ಲೆಯೇ ಎಷ್ಟು ಸಲ ಬದಲಾಗಿದೆ ನೋಡಿ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿಯ ಜೊತೆ ಮದ್ರಾಸ್ ಆಡಳಿತದಲ್ಲಿತ್ತು. 1997ರಲ್ಲಿ ಬಳ್ಳಾರಿ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371-ಜೆ ವಿಧಿ ಕೊಡುವ ಸವಲತ್ತು ಕೈತಪ್ಪಿತೆಂದು ಹೋರಾಟ ನಡೆದು 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಇಲ್ಲಿ ಆಸ್ತಿ ಕೊಳ್ಳುವವನು ಹಳೆ ದಾಖಲೆ ಹುಡುಕುವಾಗ ಯಾವ ವರ್ಷದ ಆದೇಶ ಯಾವ ಜಿಲ್ಲಾ ಕಚೇರಿಯಿಂದ ಹೊರಟಿದೆ ಎಂಬುದನ್ನು ಮೊದಲೇ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಮದ್ರಾಸಿನ ಕಾಲ ಬಿಟ್ಟುಹೋದ ಇನ್ನೊಂದು ಗುರುತು ಅಳತೆ. ಹಳೆ ಬಳ್ಳಾರಿ ಸೀಮೆಯ ಪಹಣಿಯಲ್ಲಿ ಜಮೀನು ಎಕರೆ-ಸೆಂಟ್ಸ್ ಲೆಕ್ಕದಲ್ಲಿದೆ. ದಾವಣಗೆರೆಯಿಂದ ಬಂದವನ ತಲೆಯಲ್ಲಿ ಗುಂಟೆ. ಎಕರೆಗೆ ಗುಂಟೆ ನಲವತ್ತು, ಸೆಂಟ್ಸ್ ನೂರು. ಒಂದು ಗುಂಟೆ ಎಂದರೆ 1,089 ಚದರ ಅಡಿ, ಒಂದು ಸೆಂಟು ಎಂದರೆ 435.6. ಮೂವತ್ತು-ನಲವತ್ತರ ಸೈಟು ಹೆಚ್ಚುಕಡಿಮೆ ಎರಡೂಮುಕ್ಕಾಲು ಸೆಂಟು. ದರ ಮಾತಾಡುವಾಗ "ಒಂದಕ್ಕೆ ಇಷ್ಟು" ಎಂದರೆ ಯಾವ ಒಂದು ಎಂದು ಕೇಳಿಕೊಳ್ಳಿ.

ಹರಪನಹಳ್ಳಿಯ ಹೊರವಲಯದಲ್ಲಿ ಹೊಲ ಸವರಿ, ಕೆಂಪು ಮಣ್ಣಿನ ರಸ್ತೆ ಎಳೆದು, ಬಿಳಿ ಸುಣ್ಣ ಬಳಿದ ಕಲ್ಲು ನೆಟ್ಟ ಲೇಔಟುಗಳಿವೆ. ಒಂದರೊಳಗೆ ಸುತ್ತಾಡಿದೆ. ಗೇಟಿನ ಕಮಾನು ಆಗಿದೆ, ಚರಂಡಿ ಇಲ್ಲ. ಕರೆಂಟಿನ ಕಂಬ ನಿಂತಿವೆ, ತಂತಿ ಇಲ್ಲ. ಸೈಟು ತೋರಿಸುವ ಹುಡುಗ ಹುರುಪಿನಿಂದ ಮಾತಾಡಿದ, "ಎನ್.ಎ. ಆಗೈತ್ರಿ ಸರ್, ಕಣ್ಣು ಮುಚ್ಚಿ ತಗೊಳ್ರಿ." ಎನ್.ಎ. ಎಂದರೆ ಕೃಷಿ ಜಮೀನನ್ನು ಕೃಷಿಯೇತರಕ್ಕೆ ಪರಿವರ್ತಿಸಿದ ಆದೇಶ. ಅದು ಮೊದಲ ಮೆಟ್ಟಿಲಷ್ಟೇ. ಅದರ ಮೇಲೆ ವಿನ್ಯಾಸಕ್ಕೆ ನಗರ ಯೋಜನಾ ಅನುಮೋದನೆ ಬೇಕು, ರಸ್ತೆ ಮತ್ತು ಉದ್ಯಾನದ ಜಾಗ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿರಬೇಕು, ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್ ಮೀರಿದ ಲೇಔಟಾದರೆ ರೇರಾ ನೋಂದಣಿ ಬೇಕು. ಆಮೇಲೆ ಸೈಟಿಗೆ ಇ-ಖಾತಾ. ಈಗ ಇ-ಖಾತಾ ಇಲ್ಲದೆ ಕ್ರಯಪತ್ರ ನೋಂದಣಿಯಾಗುವುದಿಲ್ಲ. ಊರಿನ ಗಡಿ ದಾಟಿ ಗ್ರಾಮ ಪಂಚಾಯಿತಿಗೆ ಸೇರಿದ ಜಾಗವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಅದು 11-ಎ ಇದೆಯೋ 11-ಬಿ ಇದೆಯೋ ಎಂದು ನೋಡಬೇಕು. 11-ಬಿ ಎಂದರೆ ಕಂದಾಯ ಕಟ್ಟಿಸಿಕೊಳ್ಳಲು ಬರೆದುಕೊಂಡ ಲೆಕ್ಕ, ಕ್ರಮಬದ್ಧ ಆಸ್ತಿ ಎಂಬ ಗುರುತಲ್ಲ. ಬ್ಯಾಂಕಿನ ಮೇಜಿನ ಮೇಲೆ ಈ ಎರಡರ ಬೆಲೆ ಬೇರೆ ಬೇರೆ.

ಎಲ್ಲಕ್ಕಿಂತ ಜನ ಹಗುರವಾಗಿ ಬಿಡುವ ಪ್ರಶ್ನೆ ಒಂದಿದೆ: ಮೂಲದಲ್ಲಿ ಈ ಹೊಲ ಯಾರಿಗೆ ಮಂಜೂರಾಗಿತ್ತು? ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಕ್ರಯ ಅಸಿಂಧು. ಮೂಲ ಹಕ್ಕುದಾರರ ಮಕ್ಕಳು ಅರ್ಜಿ ಹಾಕಿದರೆ ಜಮೀನು ಅವರಿಗೇ ಮರಳುತ್ತದೆ; 2023ರ ತಿದ್ದುಪಡಿ ಆದಮೇಲೆ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಕೈಬದಲಾಗಿ ನಾಲ್ಕನೆಯವನಿಂದ ಕೊಂಡೆ, ಮೇಲೆ ಮನೆ ಕಟ್ಟಿಬಿಟ್ಟೆ ಎಂದರೂ ಬಿಡುವುದಿಲ್ಲ. ಬಡವರ ಭೂಮಿ ಉಳಿಸಲು ಬಂದ ಕಾಯ್ದೆ ಅದು, ನ್ಯಾಯವಾಗಿಯೇ ಬಂದದ್ದು. ಕೊಳ್ಳುವವನು ಮಾಡಬೇಕಾದ್ದು ಇಷ್ಟೇ, ಮಂಜೂರಾತಿ ದಾಖಲೆಯವರೆಗೆ ಹಿಂದಕ್ಕೆ ಹೋಗುವುದು. ಕಾವೇರಿ ತಂತ್ರಾಂಶದಲ್ಲಿ ಸಿಗುವ ಋಣಭಾರ ಪತ್ರ 2004ರಿಂದೀಚಿನದು. ಅದಕ್ಕೂ ಹಿಂದಿನದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಿಂದ ತೆಗೆಸಬೇಕು, ಹಳೆಯ ಪಹಣಿ, ಮ್ಯುಟೇಶನ್ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಿಂದ. ಒಬ್ಬ ವಕೀಲರಿಗೆ ಕೊಡುವ ನಾಲ್ಕೈದು ಸಾವಿರ ಇಲ್ಲಿ ದಂಡವಲ್ಲ.

ಖರ್ಚಿನ ಲೆಕ್ಕದಲ್ಲಿ ನೋಂದಣಿಯನ್ನೂ ಮರೆಯುವವರಿದ್ದಾರೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಎಲ್ಲ ಕೂಡಿ ಶೇ ಏಳೂವರೆ ದಾಟುತ್ತದೆ. ಹನ್ನೆರಡು ಲಕ್ಷದ ಸೈಟಿಗೆ ತೊಂಬತ್ತು ಸಾವಿರದ ಮೇಲೆ. ಹಲವು ತಿಂಗಳ ಬಾಡಿಗೆ ಅಲ್ಲಿಯೇ ಹೋಯಿತು.

ಹಡಗಲಿ, ಅಂದರೆ ಹೂವಿನಹಡಗಲಿ, ಮಲ್ಲಿಗೆಗೆ ಹೆಸರಾದ ಊರು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ನನ್ನ ಕೆಲಸ ಇದ್ದದ್ದು ಹೂವಿನ ಸಾಲಲ್ಲಲ್ಲ, ರೂಮುಗಳ ಸಾಲಲ್ಲಿ. 2007ರಲ್ಲಿ ಇಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಬೇರೆ ಜಿಲ್ಲೆಗಳ ಹುಡುಗರು ಬರತೊಡಗಿದರು. ಕೂಡ್ಲಿಗಿಯ ನಿಲ್ದಾಣದಲ್ಲಿ ಕಂಡ ನೌಕರರಂತೆ ಇವರು ಸಂಜೆ ಬಸ್ಸು ಹತ್ತಿ ಮನೆಗೆ ಹೋಗಲಾರರು. ರಾತ್ರಿ ಇಲ್ಲೇ ಮಲಗಬೇಕಾದವರು. ಹಾಗಾಗಿ ಇಲ್ಲಿ ಮನೆಗಿಂತ ರೂಮು ಓಡುತ್ತದೆ.

ಒಬ್ಬ ಅಮ್ಮ ತಮ್ಮ ಹಿತ್ತಲಲ್ಲಿ ಕಟ್ಟಿಸಿದ ರೂಮು ತೋರಿಸಿದರು. ಹತ್ತಕ್ಕೆ ಹನ್ನೆರಡಡಿ. ಕೆಂಪು ಆಕ್ಸೈಡಿನ ನೆಲ, ಗೋಡೆಗೆ ಕಡಪ ಕಲ್ಲಿನ ಎರಡು ಅಟ್ಟ, ಒಂದು ಕಿಟಕಿ. ಮೂಲೆಯ ಕಲ್ಲಿನ ಮೇಲೆ ಇಂಡಕ್ಷನ್ ಒಲೆಯಿಟ್ಟ ದುಂಡನೆಯ ಕಂದು ಕಲೆ. ಹಾಸಿಗೆಯ ಪಕ್ಕದ ಗೋಡೆಗೆ ಪೆನ್ಸಿಲ್ಲಿನಲ್ಲಿ ಯಾವುದೋ ಸೂತ್ರ ಬರೆದು, ಕೆಳಗೆ ಯಾರದೋ ಫೋನ್ ನಂಬರು ಬರೆದು ಹೊಡೆದುಹಾಕಿದ್ದರು. ಮೂವರು ಇರುತ್ತಾರಂತೆ, ತಲೆಗಿಷ್ಟು ಎಂದು ಬಾಡಿಗೆ. "ದುಡ್ಡಿಗೆ ತಕರಾರಿಲ್ಲಪ್ಪ, ತಿಂಗಳಾದ ಕೂಡ್ಲೆ ಫೋನಿನಾಗ ಹಾಕಿಬಿಡ್ತಾರ. ನೀರು ಮಾತ್ರ ಅಳತಿ ಇಲ್ಲ, ಪರೀಕ್ಷಿ ಇದ್ರ ರಾತ್ರಿ ಪೂರಾ ಲೈಟು" ಎಂದು ನಕ್ಕರು. ಕರೆಂಟಿನ ಮಾತಿಗೆ ನಗು ನಿಂತಿತು. ಆರು ರೂಮಿಗೆ ಒಂದೇ ಮೀಟರು; ಬಿಲ್ಲು ಹಂಚುವ ದಿನ ಪ್ರತಿ ತಿಂಗಳೂ ಪಂಚಾಯಿತಿ.

ವಿದ್ಯಾರ್ಥಿ ರೂಮು ಕಾಗದದ ಮೇಲೆ ಲಾಭದ್ದಾಗಿ ಕಾಣುತ್ತದೆ. ಅದೇ ಜಾಗದಲ್ಲಿ ಸಂಸಾರಕ್ಕೆ ಮನೆ ಕಟ್ಟಿದರೆ ಬರುವುದಕ್ಕಿಂತ ಹೆಚ್ಚು ಕೈಗೆ ಬರುತ್ತದೆ, ದಿಟ. ಆದರೆ ಬಾಡಿಗೆ ಬರುವುದು ವರ್ಷಕ್ಕೆ ಒಂಬತ್ತು-ಹತ್ತು ತಿಂಗಳು. ಯಾವ ವಿಭಾಗಕ್ಕೆ ಎಷ್ಟು ಸೀಟು ತುಂಬಿತು ಎಂಬುದು ಪ್ರತಿ ವರ್ಷದ ಸಿಇಟಿ ಹಂಚಿಕೆಯ ಮೇಲೆ ನಿಂತ ವಿಷಯ. ಸರ್ಕಾರಿ ಹಾಸ್ಟೆಲ್ಲಿನ ಹೊಸ ಕಟ್ಟಡವೊಂದು ಎದ್ದರೆ ಸುತ್ತಲಿನ ರೂಮುಗಳು ಒಂದೇ ಸಲಕ್ಕೆ ಖಾಲಿಯಾಗಬಹುದು. ಸಾಲ ಮಾಡಿ ಇಪ್ಪತ್ತು ರೂಮು ಎತ್ತುವ ಬದಲು, ಇದ್ದ ಹಿತ್ತಲಲ್ಲಿ ಸ್ವಂತ ದುಡ್ಡಿನಿಂದ ನಾಲ್ಕು ಕಟ್ಟಿದವರು ಇಂಥ ಏಟು ತಾಳಿಕೊಳ್ಳುತ್ತಾರೆ. ಕಟ್ಟುವಾಗಲೇ ಎರಡು ರೂಮಿನ ನಡುವೆ ಬಾಗಿಲ ಚೌಕಟ್ಟು ಕೂಡಿಸಿ ಇಟ್ಟಿಗೆಯಿಂದ ಮುಚ್ಚಿಟ್ಟರೆ ನಾಳೆ ಒಡೆದು ಸಣ್ಣ ಸಂಸಾರದ ಮನೆ ಮಾಡಬಹುದು. ಹೀಗೆ ಮುಂದಾಲೋಚಿಸಿದ ಒಬ್ಬ ಗೌಂಡಿ ಮೇಸ್ತ್ರಿಯನ್ನು ಇಲ್ಲಿ ಕಂಡೆ, ಎಂಜಿನಿಯರಿಂಗ್ ಓದಿದವನಲ್ಲ.

ಹಡಗಲಿಯಲ್ಲಷ್ಟೇ ಅಲ್ಲ, ಈ ಸೀಮೆಯ ಎಲ್ಲ ಊರಲ್ಲೂ ಖಾಲಿ ಮನೆ ಕೇಳಿದವನಿಗೆ ಹೆಸರಿನ ನಂತರ ಬರುವ ಪ್ರಶ್ನೆ "ನೀವು ಯಾವ ಪೈಕಿ?" ಕೆಲವರು ನೇರವಾಗಿ ಕೇಳುತ್ತಾರೆ, ಕೆಲವರು "ಮನಿಯಾಗ ತತ್ತಿ ಗಿತ್ತಿ ಮಾಡ್ತೀರೇನು" ಎಂದು ಬಳಸಿ ಬರುತ್ತಾರೆ. ಕೂಡ್ಲಿಗಿ ಪರಿಶಿಷ್ಟ ಪಂಗಡದ ಮೀಸಲು ವಿಧಾನಸಭಾ ಕ್ಷೇತ್ರ, ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಯವು. 371-ಜೆ ಅಡಿ ನೇಮಕವಾಗಿ ಬರುವ ಹೊಸ ಶಿಕ್ಷಕರು, ನರ್ಸುಗಳು, ಪೊಲೀಸರಲ್ಲಿ ಆ ಸಮುದಾಯಗಳ ಮಕ್ಕಳು ಬೇಕಾದಷ್ಟಿದ್ದಾರೆ, ತಿಂಗಳ ಮೊದಲ ವಾರ ತಪ್ಪದೆ ಸಂಬಳ ಬರುವವರು. ಅವರನ್ನು ಬಾಗಿಲಲ್ಲೇ ತಿರುಗಿಸಿ, ಮನೆ ಆರು ತಿಂಗಳಿಂದ ಖಾಲಿ ಇದೆ ಎಂದು ಗೋಳಾಡುವವರ ಬಗ್ಗೆ ನನಗೆ ಕನಿಕರವಿಲ್ಲ. ಅದು ಅನ್ಯಾಯವೂ ಹೌದು, ದಡ್ಡತನವೂ ಹೌದು.

ಕೊನೆಗೆ ಹಗರಿಬೊಮ್ಮನಹಳ್ಳಿ, ಜನರ ಬಾಯಲ್ಲಿ ಎಚ್.ಬಿ. ಹಳ್ಳಿ. ಹೊಸಪೇಟೆ-ಶಿವಮೊಗ್ಗ ರಾಜ್ಯ ಹೆದ್ದಾರಿ, ಹಡಗಲಿ ದಾರಿ, ಕೊಟ್ಟೂರು ದಾರಿ, ರೈಲು ಎಲ್ಲ ಕೂಡುವ ಪೇಟೆ. ಇಲ್ಲಿ ನೋಡಿದ್ದಕ್ಕಿಂತ ಕೂತು ಲೆಕ್ಕ ಹಾಕಿದ್ದೇ ಹೆಚ್ಚು. ಪರಿಚಯದವರೊಬ್ಬರ ಮಗ ಸೈಟು ಕೊಂಡು ಎರಡು ಬಾಡಿಗೆ ಮನೆ ಕಟ್ಟಿಸುವ ಉಮೇದಿನಲ್ಲಿದ್ದ. ಅವರ ಕಟ್ಟೆಯ ಮೇಲೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆವು.

ಸೈಟಿಗೆ 12 ಲಕ್ಷ ಹಿಡಿಯೋಣ. ನೋಂದಣಿಗೆ 90 ಸಾವಿರ. ಕೆಳಗೊಂದು ಮೇಲೊಂದು ಮನೆ, ಒಟ್ಟು 1,200 ಚದರ ಅಡಿ, ಅಡಿಗೆ 2,000 ಎಂದರೆ 24 ಲಕ್ಷ. ಒಟ್ಟು 37 ಲಕ್ಷದ ಹತ್ತಿರ. ಮನೆಗೆ ಆರು ಸಾವಿರದಂತೆ ಎರಡಕ್ಕೆ ತಿಂಗಳಿಗೆ 12 ಸಾವಿರ, ವರ್ಷಕ್ಕೆ 1,44,000. ವರ್ಷದಲ್ಲಿ ಒಂದು ತಿಂಗಳು ಖಾಲಿ, ಮನೆ ಕಂದಾಯ, ಸುಣ್ಣಬಣ್ಣ, ಮೋಟರು ಸುಟ್ಟದ್ದು, ನಳದ ರಿಪೇರಿ ಎಂದು ತೆಗೆದರೆ ಕೈಗೆ 1,20,000. ಹಾಕಿದ ದುಡ್ಡಿಗೆ ಶೇ ಮೂರೂಕಾಲು. ಇಪ್ಪತ್ತು ಲಕ್ಷ ಸಾಲ ಮಾಡಿದರೆ? ಶೇ 8.5ರ ಬಡ್ಡಿಗೆ ಇಪ್ಪತ್ತು ವರ್ಷದ ಕಂತು ತಿಂಗಳಿಗೆ 17,300 ದಾಟುತ್ತದೆ. ಎರಡು ಮನೆಯ ಬಾಡಿಗೆ ಸೇರಿದರೂ ಕಂತಿಗೆ ಐದು ಸಾವಿರ ಕೈಯಿಂದ ಹಾಕಬೇಕು.

ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯನ್ನು ಪಕ್ಕದಲ್ಲಿ ಬರೆದೆ. ಅಲ್ಲಿ ಬಡ್ಡಿ ಶೇ 7.4. ಒಬ್ಬರ ಹೆಸರಿನಲ್ಲಿ ಗರಿಷ್ಠ 9 ಲಕ್ಷ ಇಟ್ಟರೆ ತಿಂಗಳಿಗೆ 5,550. ಗಂಡ ಹೆಂಡತಿ ಜಂಟಿಯಾಗಿ 15 ಲಕ್ಷ ಇಟ್ಟರೆ 9,250. ನಳ ಸೋರುವುದಿಲ್ಲ, ಬಾಡಿಗೆದಾರ ಓಡಿಹೋಗುವುದಿಲ್ಲ. ಹುಡುಗನ ಮುಖ ಸಪ್ಪಗಾಯಿತು. ಅವನ ತಂದೆ ಮಾತ್ರ ಬಿಡಲಿಲ್ಲ. "ಅಂಚೆಯಾಗಿನ ಒಂಬತ್ತು ಲಕ್ಷ ಇಪ್ಪತ್ತು ವರ್ಷ ಆದ್ರೂ ಒಂಬತ್ತ. ಭೂಮಿ ಹಂಗಲ್ಲ." ಅದೂ ಖರೆ. ಸೈಟಿನ ಬೆಲೆ ಏರಬಹುದು, ಬಾಡಿಗೆಯೂ ವರ್ಷವರ್ಷ ಏರುತ್ತದೆ. ಆದರೆ ಬೆಲೆ ಏರುವ ಆಸೆಗೆ ಕೊಳ್ಳುವುದಾದರೆ ಸೈಟಷ್ಟೇ ಸಾಕು, ಮೇಲೆ 24 ಲಕ್ಷದ ಇಟ್ಟಿಗೆ ಸಿಮೆಂಟು ಯಾಕೆ? ಕಟ್ಟಡದ ಬೆಲೆ ವರ್ಷವರ್ಷ ಇಳಿಯುತ್ತದೆ, ಏರುವುದು ಮಣ್ಣಿನದು.

ತೆರಿಗೆಯ ಕಡೆಯಿಂದ ಸ್ವಲ್ಪ ಆಸರೆ ಇದೆ. ಬಾಡಿಗೆ ಆದಾಯದಲ್ಲಿ ಮನೆ ಕಂದಾಯ ಕಳೆದು ಉಳಿದದ್ದರಲ್ಲಿ ಶೇ 30ನ್ನು ರಿಪೇರಿ ಗಿಪೇರಿ ಎಂದು ಲೆಕ್ಕ ಕೇಳದೆ ಬಿಡುತ್ತಾರೆ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಆದರೆ ಬಡ್ಡಿ ಹೆಚ್ಚಾಗಿ ನಷ್ಟ ಬಂದರೆ, ಹೊಸ ತೆರಿಗೆ ಪದ್ಧತಿಯಲ್ಲಿರುವವರು ಅದನ್ನು ಸಂಬಳದ ಆದಾಯಕ್ಕೆ ವಜಾ ಹಾಕಿಕೊಳ್ಳುವಂತಿಲ್ಲ. ಸಾಲ ಮಾಡಿದರೆ ತೆರಿಗೆ ಉಳಿಯುತ್ತದೆ ಎಂದು ಹೇಳುವವರು ಹಳೆ ಪದ್ಧತಿಯ ಮಾತಾಡುತ್ತಿರುತ್ತಾರೆ.

ಹೊಸಬರಿಗೆ ನನ್ನ ಆಯ್ಕೆ ಬೇರೆ, ಅದು ಆ ಕಟ್ಟೆಯ ಮೇಲಿಂದಲೇ ಕಾಣುತ್ತಿತ್ತು. ಅವರ ಸ್ವಂತ ಮನೆಯ ಮೇಲೆ ಆರ್‌ಸಿಸಿ ಚಾವಣಿ ಬರಿದಾಗಿ ಬಿದ್ದಿದೆ, ನಾಲ್ಕು ಮೂಲೆಯಲ್ಲಿ ಕಂಬದ ಕಬ್ಬಿಣ ತುಕ್ಕು ಹಿಡಿಯುತ್ತ ನಿಂತಿದೆ. ಅಲ್ಲಿ 600 ಚದರ ಅಡಿಯ ಒಂದು ಮನೆ ಎತ್ತಿದರೆ ಸೈಟಿನ ಖರ್ಚಿಲ್ಲ, ನೋಂದಣಿ ಖರ್ಚಿಲ್ಲ, ಕಾಗದ ತಮ್ಮವೇ. ಹನ್ನೆರಡು ಹದಿಮೂರು ಲಕ್ಷಕ್ಕೆ ಅದೇ ಆರು ಸಾವಿರದ ಬಾಡಿಗೆ. ಶೇಕಡಾವಾರು ನೋಡಿದರೆ ಹೊಸ ಸೈಟಿನದಕ್ಕಿಂತ ಒಂದೂವರೆ ಪಟ್ಟು. ಹಳೆ ಬುನಾದಿ ಮೇಲಂತಸ್ತು ಹೊರುತ್ತದೋ ಎಂದು ಎಂಜಿನಿಯರಿಗೆ ತೋರಿಸಿ, ನಕ್ಷೆಗೆ ಮಂಜೂರಾತಿ ತೆಗೆದುಕೊಂಡು, ಮೆಟ್ಟಿಲನ್ನು ಮನೆಯ ಹೊರಗಿನಿಂದ ಕೊಡಬೇಕು. ಮೆಟ್ಟಿಲು ನಡುಮನೆಯಿಂದ ಹತ್ತಿದರೆ ಯಾವ ಸಂಸಾರವೂ ಬರುವುದಿಲ್ಲ.

ಮೀಟರು ಬೇರೆ ಇರಲೇಬೇಕು. ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಾಡಿಗೆದಾರ ತನ್ನ ಆಧಾರನ್ನು ಆ ಮನೆಯ ಆರ್.ಆರ್. ನಂಬರಿಗೆ ಜೋಡಿಸಿಕೊಂಡರೆ ಕರೆಂಟು ಬಿಲ್ಲು ಉಳಿಯುತ್ತದೆ. ಒಂದೇ ಮೀಟರಿನ ಮನೆಯಲ್ಲಿ ಆ ಲಾಭ ಒಬ್ಬರಿಗಷ್ಟೇ. ಹೊಸ ಮೀಟರಿಗೆ ಹಳೆ ಬಳಕೆಯ ಲೆಕ್ಕ ಇರುವುದಿಲ್ಲವಾದ್ದರಿಂದ 200 ಯೂನಿಟ್ಟೂ ಪುಕ್ಕಟೆ ಎಂದು ಬಾಡಿಗೆದಾರನಿಗೆ ಮಾತು ಕೊಡಬೇಡಿ, ರಾಜ್ಯದ ಸರಾಸರಿ 53 ಯೂನಿಟ್ಟನ್ನು ಹಿಡಿದು ಮಿತಿ ಹಾಕುತ್ತಾರೆ.

ಕರಾರಿನ ಬಗ್ಗೆ ಒಂದೆರಡು ಮಾತು. ಹನ್ನೊಂದು ತಿಂಗಳಿಗೆ ಬರೆಯುವುದು ರೂಢಿ, ವರ್ಷ ಮೀರಿದರೆ ನೋಂದಣಿ ಕಡ್ಡಾಯ ಎಂಬ ಕಾರಣಕ್ಕೆ. ಬಾಯಿಮಾತಿನ ಮೇಲೆ ಕೊಟ್ಟರೆ ತಿಂಗಳ ಬಾಡಿಗೆಗೆ ಕಾನೂನು ಹೇಳುವ ನೋಟಿಸು ಹದಿನೈದು ದಿನದ್ದು, ಅದು ಇಬ್ಬರಿಗೂ ಸಾಲದು. ಎರಡು ತಿಂಗಳು ಎಂದು ಕರಾರಿನಲ್ಲೇ ಬರೆಯಿರಿ. ಅಡ್ವಾನ್ಸು ಎಷ್ಟು, ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತೀರಿ, ವರ್ಷಕ್ಕೆ ಎಷ್ಟು ಏರಿಕೆ ಎಂಬುದೂ ಕಾಗದದಲ್ಲಿರಲಿ. ಐದಾರು ಲಕ್ಷ ಒಮ್ಮೆಲೇ ಪಡೆದು ಮೂರು ವರ್ಷಕ್ಕೆ ಭೋಗ್ಯಕ್ಕೆ ಹಾಕುವವರಿದ್ದಾರೆ. ಆ ದುಡ್ಡು ಮಗಳ ಮದುವೆಗೆ ಖರ್ಚಾಗಿ, ಬಿಡಿಸಿಕೊಳ್ಳಲು ಇನ್ನೊಬ್ಬನ ಭೋಗ್ಯದ ದುಡ್ಡಿಗೆ ಅಲೆಯುವವರೂ ಅವರೇ.

ಈ ಊರುಗಳಲ್ಲಿ ದಲ್ಲಾಳಿ ಹಿಡಿದು ಮನೆ ಹುಡುಕುವವರು ಕಡಿಮೆ. ಶಾಲೆಯ ಸ್ಟಾಫ್ ರೂಮು, ಆಸ್ಪತ್ರೆಯ ಡ್ಯೂಟಿ ರೂಮು, ಠಾಣೆಯ ಕಟ್ಟೆ, ಇವೇ ದಲ್ಲಾಳಿಗಳು. ಎಚ್.ಬಿ. ಹಳ್ಳಿಯಲ್ಲಿ ಆ ಕಟ್ಟೆಯ ಎದುರು ಮನೆಯವರು ವರ್ಗವಾಗಿ ಹೊರಟ ಬ್ಯಾಂಕ್ ಗುಮಾಸ್ತ ಬೀಗದ ಕೈ ಕೊಟ್ಟ ಸಂಜೆಯೇ ಅವನಿಗೆ ಅಡ್ವಾನ್ಸು ಎಣಿಸಿ ಕೊಟ್ಟಿದ್ದರಂತೆ, ಬಣ್ಣಕ್ಕೆಂದು ಮಾತಾದಷ್ಟನ್ನೇ ಹಿಡಿದು. ಅವನ ಕುರ್ಚಿಗೆ ವರ್ಗವಾಗಿ ಬಂದವನನ್ನು ಅವನೇ ಕರೆತಂದು ತೋರಿಸಿದ. ಮನೆ ಖಾಲಿ ಇದ್ದದ್ದು ಸುಣ್ಣ ಒಣಗುವಷ್ಟು ದಿನ.